ಆರೂವರೆಯ ಹೆಸರು

"ಥೂ ನಿನ್ನ! ಹುಲ್ಲು ಮಂಡಿ ಮಟ ಬೆಳ್ದದೆ, ಕಾಣಾಕಿಲ್ವೇನ್ಲಾ ಮುದಿಯಾ? ನಾಳೆ ಸ್ಟೇಷನ್ ಕೊಳ್ಳೋರು ಬತ್ತಾವ್ರೆ. ಸೊಂಟ ಬಗ್ಸು!"

ರೇಡಿಯೋ ಸ್ಟೇಷನ್ನಿನ ಒಡೆಯ ಹರಕ್‌ಚಂದ್ ಸೇಟು ಕಾರಿನ ಗಾಜು ಏರಿಸಿಕೊಂಡು ಹೋದ. ಅಪ್ಪಲ್‌ಸಾಮಿ ಕಬ್ಬಿನ ಕತ್ತಿಯನ್ನು ಕಲ್ಲಿಗೆ ಮಸೆದು ಮತ್ತೆ ಬಗ್ಗಿದ. ಕಡಲ ನಡುವಿನ ಕಬ್ಬಿನ ದ್ವೀಪದ ಲಂಬಾಸ ಪೇಟೆಯ ಹೊರಗೆ, ಉಪ್ಪುನೀರಿನ ಕೆಸರಲ್ಲಿ ನಿಂತ ಆ ರೇಡಿಯೋ ಕಂಬದ ಬುಡ ಸವರಲು ಹಿಡಿದು ಇಪ್ಪತ್ತಾರು ವರ್ಷವಾಗಿತ್ತು. ಕಂಬದ ನೆರಳು ಬೀಳುವಲ್ಲೇ ಅವನ ತಗಡಿನ ಮನೆ. ಒಳಗೆ ಹೆಂಡತಿ ಪೋಲಮ್ಮ ಹಾಸಿಗೆ ಹಿಡಿದು ಮೂರು ವಾರ.

ಸ್ಟೇಷನ್ ಕಾವಲಿನ ಇಸಿಕೇಲಿ, ಯಂಗೋನದ ಬೇರು ಅರೆದು ಕಲಸಿದ ಅಮಲಿನ ನೀರಿನ ಬಟ್ಟಲು ಚಾಚಿದ.

"ಯಾರು ಕೊಳ್ತಾರಂತಪ್ಪಾ?" ಎಂದ ಅಪ್ಪಲ್‌ಸಾಮಿ.

"ಪೇಟೇಲಿ ಸುವಾ ಪಟ್ಣದ ಬಟ್ಟೆ ಅಂಗ್ಡಿಯೋನು ಅಂತಾರೆ. ಸಕ್ಕರೆ ಮಿಲ್ಲಿನತ್ರ ಆಸ್ಟ್ರೇಲಿಯಾದೋನು ಅಂತಾರೆ. ನಮ್ಮವ್ವ, ಚರ್ಚಿನೋರು ಅಂತಾಳೆ. ನಾನೇ ಕೊಂಡ್ಕತೀನಿ ತಗೋ, ನಿಂಗೆ ಮ್ಯಾನೇಜರ್ ಕೆಲ್ಸ!"

"ಮ್ಯಾನೇಜರ್ ಕೆಲ್ಸಕ್ಕೆ ಬೆಂಕಿ ಬಿತ್ತು. ಸಾವಿನ ಸುದ್ದಿ ಓದಾದು ನಿಲ್ಸ್‌ದಿದ್ರೆ ಸಾಕು."

ದಿನಾ ಸಂಜೆ ಆರೂವರೆಗೆ ಹಾಡು ನಿಲ್ಲುತ್ತಿತ್ತು. ಒಂದು ನಿಮಿಷ ಮೌನ. ಗದ್ದೆಯಲ್ಲಿ ಕತ್ತಿಗಳು ನಿಲ್ಲುತ್ತಿದ್ದವು, ಕುಡಿಯುವವರು ಬಟ್ಟಲು ಕೆಳಗಿಡುತ್ತಿದ್ದರು. ಆಮೇಲೆ ಸತ್ತವರ ಹೆಸರು, ಊರು, ಬೆಂಕಿ ಕೊಡುವ ಹೊತ್ತು. ಫೋನಿಲ್ಲದ ಬೆಟ್ಟದಾಚೆಯ ಕಬ್ಬಿನ ಕ್ಯಾಂಪಿಗೆ ಹೊರಡುವಾಗ ಒಬ್ಬನೇ ಮಗ ಸಾಮಿನಾದನ್ ಹೇಳಿಹೋಗಿದ್ದ: "ಅವ್ವಂಗೆ ಏನಾರ ಆದ್ರೆ ಆರೂವರೆಗೆ ಕಿವಿ ಕೊಟ್ಟಿರ್ತೀನಿ ಕಣಪ್ಪಾ."

ಮರುದಿನ ಬಂದವನು ಆಸ್ಟ್ರೇಲಿಯಾದವನು. ಬೂಟು ಕೆಸರಲ್ಲಿ ಹೂತಿತು.

"ನೋಡ್ತಾ ನಿಂತವ್ನೆ ಕತ್ತೆ. ಒರ್ಸೋ!" ಎಂದ ಸೇಟು.

ಅಪ್ಪಲ್‌ಸಾಮಿ ಹೆಗಲ ಟವೆಲು ತೆಗೆದು ಮಂಡಿಯೂರಿ ಒರೆಸಿದ. ಒರೆಸುತ್ತಲೇ ತಲೆಯೆತ್ತಿ, "ಸಾವಿನ ಸುದ್ದಿ ಓದುಸ್ತೀರಲ್ವಾ ಸಾಯೇಬ್ರೇ?" ಎಂದ. ಮಾತು ತಿಳಿಯದ ಆ ಮನುಷ್ಯ ನಕ್ಕು ತಲೆಯಾಡಿಸಿದ. ಅಷ್ಟಕ್ಕೇ ಮುದುಕ ಕೇರಿಯೆಲ್ಲ ಸಾರಿಕೊಂಡು ಬಂದ: "ಓದುಸ್ತಾರಂತೆ! ನಾನೇ ಬಾಯ್ಬಿಟ್ಟು ಕೇಳ್ದೆ!"

ಆ ವಾರವೇ ಕಂಬದ ಪಕ್ಕ ಆಕಾಶಕ್ಕೆ ಮುಖ ಮಾಡಿದ ದೊಡ್ಡದೊಂದು ತಟ್ಟೆ ನೆಟ್ಟರು. ಗುಂಡಿ ತೋಡಿದವನು ಅಪ್ಪಲ್‌ಸಾಮಿಯೇ. ಯಾಕೆಂದು ಕೇಳಲಿಲ್ಲ.

ಒಂಬತ್ತನೆಯ ದಿನ ಬೆಳಗಿನ ಜಾವ ಪೋಲಮ್ಮ ತೀರಿಕೊಂಡಳು. ಬೆಟ್ಟದಾಚೆಗೆ ಬಸ್ಸು ಹೋಗುವುದು ಸೋಮವಾರ ಮಾತ್ರ. ಅಂದು ಗುರುವಾರ. ಆ ಸೆಕೆಗೆ ಹೆಣ ನಾಳೆಯಾಚೆ ತಡೆಯುತ್ತಿರಲಿಲ್ಲ.

ಸ್ಟೇಷನ್ನಿನಲ್ಲಿ ಸುದ್ದಿ ಓದುವ ಹುಡುಗಿಯ ಕುರ್ಚಿ ಖಾಲಿ. ಸೇಟು ಗೋಡೆಯ ಲಕ್ಷ್ಮಿ ಪಟ ಬಿಚ್ಚಿ ಪೇಪರಿನಲ್ಲಿ ಸುತ್ತುತ್ತಿದ್ದ.

"ಇಲ್ಲಿ ಓದೋ ಬಾಯೇ ಇಲ್ಲ ಕಣೋ ಇನ್ಮೇಲೆ. ಎಲ್ಲಾ ಸಿಡ್ನಿಯಿಂದ ಆ ತಟ್ಟೆಗೆ ಬತ್ತದೆ."

"ಒಂದೇ ಹೆಸ್ರು ಸೇಟು. ಪೋಲಮ್ಮ ಅಂತ. ನನ್ ಮಗ ಕಾಯ್ತಾವ್ನೆ."

"ಹೆಣ ಸುಡಕ್ಕೆ ರೇಡಿಯೋ ಯಾಕ್ಲಾ? ಬೆಂಕಿಪೊಟ್ಣ ಸಾಲ್ದಾ?"

ಅಪ್ಪಲ್‌ಸಾಮಿ ಮನೆಗೆ ಬಂದ. ಹೆಂಡತಿಯ ಪಕ್ಕ ಕೂತು ಸಂಜೆಯವರೆಗೆ ನೊಣ ಅಟ್ಟಿದ. ಆಮೇಲೆ ಕತ್ತಿ ತೊಳೆದು ಎದ್ದ.

ಇಸಿಕೇಲಿಯ ರೇಡಿಯೋದಲ್ಲಿ ಯಾರೋ ಸೋಪು ಹೊಗಳುತ್ತಿದ್ದರು.

"ಅಣ್ಣಾ, ಬ್ಯಾಡ. ಜೈಲ್ಗೆ ಹಾಕ್ತಾರೆ," ಎಂದ ಇಸಿಕೇಲಿ.

"ಎಷ್ಟಾತು ಗಂಟೆ?"

"ಆರೂವರೆ."

ತಟ್ಟೆಯಿಂದ ಶೆಡ್ಡಿಗೆ ಹೋಗುವ ತಂತಿ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. ಒಂದೇ ಏಟು. ಸೋಪಿನ ಮಾತು ಅರ್ಧಕ್ಕೆ ನಿಂತಿತು.

ಮೌನ.

ರಸ್ತೆಯಾಚೆಯ ಮನೆಗಳಿಂದ ಜನ ರೇಡಿಯೋ ಹಿಡಿದು ಹೊರಗೆ ಬಂದರು. "ಯಾರಂತೆ? ಯಾರು ಹೋದ್ರಂತೆ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

"ಪೋಲಮ್ಮಾ!" ಎಂದು ಅಪ್ಪಲ್‌ಸಾಮಿ ಕಂಬದ ತುದಿಗೆ ಮುಖವೆತ್ತಿ ಕೂಗಿದ. ಕೂಗು ರಸ್ತೆಯ ತನಕ ಹೋಯಿತು, ಅಷ್ಟೇ. ಬೆಟ್ಟದಾಚೆ ಕತ್ತಿಗಳು ನಿಂತಿರಬೇಕು. ಸಾಮಿನಾದನ್ ರೇಡಿಯೋಗೆ ಕಿವಿ ಹಚ್ಚಿ ಹೆಸರಿಗೆ ಕಾಯುತ್ತಿರಬೇಕು.

ಒಂದು ನಿಮಿಷ ಕಳೆಯಿತು. ಎರಡು.