ಟ್ರ್ಯಾಕ್ಟರಿನ ಬೆನ್ನಿಗೆ ನಾಲ್ಕು ಚೀಲ

ಇದು ನಡೆದ ಸಂಗತಿ. ಒಂದಕ್ಷರವೂ ಸುಳ್ಳಲ್ಲ, ಖಾರ ಸ್ವಲ್ಪ ಹೆಚ್ಚಾಗಿದ್ದರೆ ಅದು ದಾವಣಗೆರೆಯ ಕೈಗುಣ. ನಂಬದವರು ಹದಡಿ ಕಡೆ ಹೋಗಿ ವಾಮದೇವಪ್ಪನವರ ಹೊಲದ ಗೊರವಂಕಗಳನ್ನು ಕೇಳಬಹುದು. ಆ ಶುಕ್ರವಾರದ ಊಟವನ್ನು ಅವು ಇನ್ನೂ ಮರೆತಿಲ್ಲ. ಟ್ರ್ಯಾಕ್ಟರ್ ಸದ್ದು ಕೇಳಿದರೆ ಸಾಕು, ಪಂಕ್ತಿಗೆ ಕರೆದವರಂತೆ ಸಾಲಾಗಿ ಬಂದು ಕೂಡುತ್ತವೆ.

ವಾಮದೇವಪ್ಪನವರದು ಮಂಡಿಪೇಟೆಯ ಹಳೇ ಬಟ್ಟೆ ಅಂಗಡಿ. ಬೆರಳ ತುದಿಯಲ್ಲಿ ಸೀರೆಯ ಸೆರಗು ಮುಟ್ಟಿ ಅದರ ಜಾತಕ ಹೇಳುವವರು. ಈಚೆಗೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ದಿನಾ ಬೆಳಿಗ್ಗೆ ಹದಡಿಯ ಹೊಲಕ್ಕೆ ಹೋಗುವ ಚಟ ಹಚ್ಚಿಕೊಂಡಿದ್ದರು. ಕಾರಣ ಹೊಲವಲ್ಲ, ಹೊಸ ಮಿನಿ ಟ್ರ್ಯಾಕ್ಟರ್. ಮುಂದೆ ಮಣ್ಣೆತ್ತುವ ಬಕೆಟ್, ಮೈಗೆಲ್ಲ ಕೆಂಪು ಬಣ್ಣ. ರಾತ್ರಿ ಅದಕ್ಕೆ ಹೊದಿಸಲು ಅಂಗಡಿಯಿಂದಲೇ ಒಳ್ಳೇ ಬೆಡ್‌ಶೀಟ್ ತಂದಿದ್ದರು.

ಅದೇ ಟ್ರ್ಯಾಕ್ಟರ್ ಈಗ ಅವರ ಮರ್ಯಾದೆಯನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಕೂತಿತ್ತು.

ಮಗಳು ತನುಶ್ರೀಗೆ ಹರಿಹರದ ಸಂಬಂಧ ಗೊತ್ತಾಗಿತ್ತು. ಬೀಗರು ಕೆಂಚವೀರಪ್ಪನವರಿಗೆ ಹರಿಹರದಲ್ಲಿ ಸ್ವಂತ ಸಮುದಾಯ ಭವನ. ಭಾನುವಾರದ ನಿಶ್ಚಿತಾರ್ಥ ಅಲ್ಲೇ ಆಗಲಿ ಎಂದು ಅವರ ಆಸೆ. ತನುಶ್ರೀಗೋ ತಮ್ಮ ಹೊಲದ ಬೇವಿನ ಮರದ ಕೆಳಗೇ ಆಗಬೇಕೆಂದು. ಆದರೆ ಆ ಮರದ ಪಕ್ಕದಲ್ಲಿ ಕೃಷಿ ಹೊಂಡ ತೋಡಿದ ಮಣ್ಣಿನ ದೊಡ್ಡ ದಿಬ್ಬ, ಅದರಾಚೆ ಒಂದು ತಗ್ಗು.

"ಜೆಸಿಬಿ ಗಿಸಿಬಿ ಏನೂ ಬ್ಯಾಡ ಬೀಗ್ರೆ," ಎಂದುಬಿಟ್ಟಿದ್ದರು ವಾಮದೇವಪ್ಪ, ತುಂಬಿದ ಮನೆಯಲ್ಲಿ. "ನಮ್ಮ ಟ್ರ್ಯಾಕ್ಟರ್ ಐತೆ, ನಾನಿದೀನಿ. ಶುಕ್ರವಾರ ಬಂದು ನೋಡ್ರಿ. ಪಂಕ್ತಿಗೆ ಕೂತ್ರೆ ಎಲೆ ಮ್ಯಾಲಿನ ಸಾರು ಹರೀಬಾರ್ದು, ಅಷ್ಟು ಸಮ ಮಾಡಿರ್ತೀನಿ."

ಕೆಂಚವೀರಪ್ಪ ಗಂಟಲು ಸರಿಮಾಡಿಕೊಂಡರು. ಅವರ ಗಂಟಲು ಸರಿಯಾಗುವುದೆಂದರೆ ಲಾರಿ ಸ್ಟಾರ್ಟ್ ಆದಂತೆ: "ಉಹ್ಹುಂ... ಹ್ಹುಂ!" ಆಮೇಲೆ ಹೇಳಿದರು: "ಆಗ್ಲಿ. ಶುಕ್ರವಾರ ನೆಲ ತಯಾರ್ ಕಾಣ್ಲಿಲ್ಲಾಂದ್ರ ಭಾನುವಾರ ನಮ್ಮ ಭವನದಾಗೆ ಊಟ. ಮಾತು?"

"ಮಾತು!"

ಮಾತೇನೋ ಗಟ್ಟಿಯಾಗಿತ್ತು, ಟ್ರ್ಯಾಕ್ಟರ್ ಹಗುರಾಗಿತ್ತು. ಬಕೆಟ್ ತುಂಬ ಮಣ್ಣು ತುಂಬಿಕೊಂಡು ಎತ್ತಿದ ಕೂಡಲೇ ಹಿಂದಿನ ಗಾಲಿಗಳು ನೆಲ ಬಿಟ್ಟವು. ಹಿರಿಯರ ಕಾಲಿಗೆ ಬೀಳುವ ಹೊಸ ಅಳಿಯನಂತೆ ಇಡೀ ಗಾಡಿ ಮುಂದಕ್ಕೆ ಬಾಗಿತು. ವಾಮದೇವಪ್ಪ ಸ್ಟೀರಿಂಗ್ ತಬ್ಬಿಕೊಂಡು "ಶಿವಾ!" ಎಂದರು. ಅರ್ಧ ಬಕೆಟ್ ಎತ್ತಿದರೂ ಅದೇ ನಮಸ್ಕಾರ. ಕಾಲು ಬಕೆಟ್ ಎತ್ತಿದರೆ ಸುಮ್ಮನಿರುತ್ತಿತ್ತು, ಆದರೆ ಆ ಲೆಕ್ಕದಲ್ಲಿ ದಿಬ್ಬ ಕರಗುವ ಹೊತ್ತಿಗೆ ತನುಶ್ರೀಯ ಮಕ್ಕಳಿಗೆ ಹೆಣ್ಣು ನೋಡಬೇಕಾಗುತ್ತಿತ್ತು.

ಕರೂರು ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿರುವ ರಿಯಾಜ್ ಫೋನಿನಲ್ಲೇ ಹೇಳಿದ: "ಸಾವ್ಕಾರ್ರೆ, ಮುಂದ ಎತ್ತಬೇಕಂದ್ರ ಹಿಂದ ಭಾರ ಬೇಕು. ಮೊದ್ಲು ಹಿಂದಿನ ಟೈರಿಗೆ ನೀರು ತುಂಬಿಸ್ರಿ. ಆಮ್ಯಾಲೆ ಹಿಂದೊಂದು ಪೆಟ್ಟಿಗಿ ಕೂಡಿಸಿ ಅದ್ರಾಗೆ ಕಬ್ಬಿಣದ ಪ್ಲೇಟ್ ಹಾಕೋಣು."

ಟೈರಿಗೆ ನೀರು ತುಂಬಿತು. ನಮಸ್ಕಾರ ಸ್ವಲ್ಪ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಪೆಟ್ಟಿಗೆ ಗುರುವಾರ ಬಂತು. ಪ್ಲೇಟು ಮಾತ್ರ ಬರಲಿಲ್ಲ. ವಾಮದೇವಪ್ಪ ತಂಗಿಯ ಮಗ ಬಸವಕಿರಣ್‌ಗೆ ಆಜ್ಞೆ ಮಾಡಿದರು: "ಲೇ ಕಿರಣ್ಯಾ, ನಾಳೆ ಬೆಳಿಗ್ಗೆ ನಾಲ್ಕು ಚೀಲ ಮರಳು ತುಂಬ್ಕೊಂಡು ಬಾ. ಬೀಗ್ರು ಮಧ್ಯಾಹ್ನ ಬರ್ತಾರೆ, ಅಷ್ಟೊತ್ತಿಗೆ ದಿಬ್ಬ ತಗ್ಗಿನಾಗಿರ್ಬೇಕು."

ಬಸವಕಿರಣ್ ಎಂ.ಕಾಂ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಪಾಠಕ್ಕಿಂತ ಅವನ ಅಣಕು ಪ್ರಸಿದ್ಧ. ಪ್ರಿನ್ಸಿಪಾಲರ ನಡಿಗೆ, ಮಾವನ "ಶಿವಾ!", ಪಕ್ಕದ ಮನೆಯ ಮಿಕ್ಸಿ, ಯಾವುದನ್ನೂ ಬಿಟ್ಟವನಲ್ಲ. ಕೆಂಚವೀರಪ್ಪನವರ "ಉಹ್ಹುಂ ಹ್ಹುಂ" ಕೈಗೆ ಬಂದ ಮೇಲಂತೂ ದಿನಕ್ಕೊಮ್ಮೆಯಾದರೂ ಮಾವನ ಬೆನ್ನ ಹಿಂದೆ ನಿಂತು ಅದನ್ನು ಮಾಡುವುದು, ಮಾವ ಪಂಚೆ ಸರಿಮಾಡಿಕೊಂಡು "ಬರ್ರಿ ಬೀಗ್ರೆ" ಎಂದು ತಿರುಗುವುದು, ಮನೆಯವರೆಲ್ಲ ನಗುವುದು.

ಇಂಥವನ ಕೈಗೆ ಚೀಲದ ಕೆಲಸ ಕೊಟ್ಟದ್ದೇ ತಪ್ಪು. ಗುರುವಾರ ಸಂಜೆಯೇ ಅವನು ರಿಯಾಜನ ಶೆಡ್ಡಿಗೆ ಹೋಗಿ ಪ್ಲೇಟುಗಳನ್ನು ಗೂಡ್ಸ್ ಆಟೋಗೆ ಏರಿಸಿಕೊಂಡು ಬಂದಿದ್ದ. ಅವನ್ನು ಆಟೋದಲ್ಲೇ ತಾಡಪಾಲಿನಡಿ ಮುಚ್ಚಿಟ್ಟು, ಗೆಳೆಯನ ಭಟ್ಟಿಯಿಂದ ಬಿಸಿ ಬಿಸಿ ಮಂಡಕ್ಕಿ ತಂದ. ತನುಶ್ರೀ ಬಾಯಿ ಮುಚ್ಚಿ ನಗುತ್ತ ಚೀಲ ಹಿಡಿದಳು.

"ಬಾವ, ಅಪ್ಪಾಜಿ ಕೈ ಹಾಕಿ ನೋಡ್ತಾರೆ."

"ಗೊತ್ತು. ಅದಕ್ಕೇ ಚೀಲದ ಬಾಯಲ್ಲಿ ಎರಡು ಹಿಡಿ ಮರಳು. ಒಂದೇ ಬಕೆಟ್ ತನು. ಒಂದು ಸಲ 'ಶಿವಾ' ಅನ್ನಿಸಿ, ತಾಡಪಾಲು ತೆಗೆದು ಪ್ಲೇಟ್ ತೋರಿಸ್ತೀನಿ. ಬೀಗರು ಬರೋದ್ರೊಳಗೆ ಎಲ್ಲ ಮುಗಿದಿರ್ತದೆ."

ಶುಕ್ರವಾರ ಬೆಳಿಗ್ಗೆ ಬಸವಕಿರಣ್ ಹೊಲದಲ್ಲಿ ತೋರಿಸಿದ ಕಲೆ ಅವನ ಜೀವಮಾನದ್ದು. ಚೀಲ ಹೆಗಲಿಗೇರಿದ ಕೂಡಲೇ ಮೊಣಕಾಲು ನಡುಗಿದವು, ಕತ್ತಿನ ನರ ಉಬ್ಬಿದವು, ಕಣ್ಣು ಹೊರಬಂದವು. ಮಂಡಿಪೇಟೆಯ ಹಮಾಲರ ಹಾಗೆ "ಹೋಯ್, ಬಾಜೂ, ಬಾಜೂ" ಎನ್ನುತ್ತ ತೂರಾಡಿಕೊಂಡು ಬಂದು, ಚೀಲವನ್ನು ಪೆಟ್ಟಿಗೆಯೊಳಗೆ ಇಳಿಸಿ ಸೊಂಟ ಹಿಡಿದು ನಿಂತ.

"ಅಯ್ಯೋ, ಹುಡುಗನ ಬೆನ್ನು ಮುರೀತದ್ರೀ! ಒಂದು ಕೈ ಹಿಡೀರಿ," ಎಂದರು ವಾಮದೇವಪ್ಪನವರ ಹೆಂಡತಿ ಶಾಂತಕುಮಾರಿ.

"ಬ್ಯಾಡ ಅತ್ತೆ," ಎಂದು ಬಸವಕಿರಣ್ ಕ್ಷೀಣ ದನಿಯಲ್ಲಿ ನರಳಿದ. "ತನು ಮದುವೆಗೆ ನನ್ನದೂ ಒಂದು ಸೇವೆ."

ವಾಮದೇವಪ್ಪ ಚೀಲದ ಬಾಯಿಗೆ ಎರಡು ಬೆರಳು ಹಾಕಿ, ಮರಳನ್ನು ಸೆರಗಿನಂತೆ ಉಜ್ಜಿ ನೋಡಿ ತಲೆಯಾಡಿಸಿದರು. "ಒಳ್ಳೇ ಮಾಲು." ಸೀಟಿಗೆ ಏರಿ ದಿಬ್ಬಕ್ಕೆ ಬಕೆಟ್ ನುಗ್ಗಿಸಿದರು.

ಆಗ ಬೇವಿನ ಮರದ ಹಿಂದಿನಿಂದ ಕೇಳಿತು: "ಉಹ್ಹುಂ... ಹ್ಹುಂ!"

ವಾಮದೇವಪ್ಪ ತಿರುಗಿಯೂ ನೋಡಲಿಲ್ಲ. "ಸಾಕು ಮಾಡಲೇ ಕಿರಣ್ಯಾ! ದಿನಾ ಆ ಕೋಣನ ಕೆಮ್ಮು ಕೇಳಿ ಕೇಳಿ ಕಿವಿ ತೂತು ಬಿದ್ದಾವು. ಆ ಮನುಷ್ಯಂಗೆ ಯಾರಾದ್ರೂ ಕಷಾಯ ಕುಡಿಸ್ರಪ್ಪ!"

ಬಸವಕಿರಣ್ ಅವರ ಎದುರಿಗೇ ಇದ್ದ, ಬಾಯಿ ಮುಚ್ಚಿಕೊಂಡು. ಅವನ ಮುಖದಲ್ಲಿ ಈಗ ಯಾವ ಅಣಕೂ ಇರಲಿಲ್ಲ. ವಾಮದೇವಪ್ಪ ನಿಧಾನಕ್ಕೆ ತಿರುಗಿದರು. ಬೆಳ್ಳಗೆ ಇಸ್ತ್ರಿ ಮಾಡಿದ ಪಂಚೆ, ಜುಬ್ಬಾ, ಹೆಗಲ ಮೇಲೆ ಜರಿ ಶಲ್ಯ. ಕೆಂಚವೀರಪ್ಪ. ಪಕ್ಕದಲ್ಲಿ ಅವರ ಹೆಂಡತಿ ಅನ್ನಪೂರ್ಣಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದರು.

"ಕಷಾಯ ಕುಡ್ದೇ ಬಂದೀನ್ರಿ ಬೀಗ್ರೆ," ಎಂದರು ಕೆಂಚವೀರಪ್ಪ. "ದಾವಣಗೆರೆಯಾಗೆ ಬೇರೆ ಕೆಲ್ಸ ಇತ್ತು, ಹಂಗೇ ಬೇಗ ಬಂದ್ವಿ. ದಿಬ್ಬ ಅಲ್ಲೇ ಐತಲ್ಲ?"

ವಾಮದೇವಪ್ಪನವರ ಮುಖ ಟ್ರ್ಯಾಕ್ಟರಿನ ಬಣ್ಣಕ್ಕೆ ತಿರುಗಿತು. ಮಾತು ಕೈಕೊಟ್ಟಾಗ ಗಂಡಸು ಯಂತ್ರದ ಮೊರೆ ಹೋಗುತ್ತಾನೆ. "ಈಗ ನೋಡ್ರಿ ನಮ್ಮ ಗಾಡಿ ತಾಕತ್ತು!" ಎಂದವರೇ ಬಕೆಟ್ಟನ್ನು ಗೋಪುರದಂತೆ ತುಂಬಿದರು.

"ಮಾವ, ಒಂದ್ನಿಮಿಷ! ಬ್ಯಾಡ!" ಬಸವಕಿರಣ್ ಕೈಬೀಸಿದ. ಇಂಜಿನ್ ಸದ್ದಿನಲ್ಲಿ ಅದು ಹುರಿದುಂಬಿಸಿದಂತೆ ಕಂಡಿತು.

ಬಕೆಟ್ ಎದ್ದಿತು. ಹಿಂದಿನ ಗಾಲಿಗಳೂ ಎದ್ದವು. "ಶಿವಾ!" ಎಂದು ವಾಮದೇವಪ್ಪ ಗಾಬರಿಯಲ್ಲಿ ಬಕೆಟ್ಟನ್ನು ಧೊಪ್ಪೆಂದು ಇಳಿಸಿದರು. ಹಿಂಭಾಗ ಅಷ್ಟೇ ಜೋರಾಗಿ ನೆಲಕ್ಕೆ ಕುಕ್ಕಿತು. ಪೆಟ್ಟಿಗೆಯೊಳಗಿನ ಚೀಲಗಳು ಮೊಲದ ಮರಿಗಳಂತೆ ಹಾರಿ ಬಾಯಿಬಿಚ್ಚಿದವು. ಹಿಡಿ ಮರಳು ಸುರಿಯಿತು, ಅದರ ಹಿಂದೆಯೇ ಮಂಡಕ್ಕಿ. ಗಾಳಿ ಹರಿಹರದ ಕಡೆಗೆ ಬೀಸುತ್ತಿತ್ತೋ ಏನೋ, ಎಲ್ಲವೂ ಸೀದಾ ಹರಿಹರದವರ ಮೇಲೆ. ಕೆಂಚವೀರಪ್ಪನವರ ತಲೆ, ಮೀಸೆ, ಶಲ್ಯ, ಜುಬ್ಬಾದ ಜೇಬು, ಎಲ್ಲೆಲ್ಲೂ ಮಂಡಕ್ಕಿ.

ಇಂಜಿನ್ ನಿಂತಿತು. ಮೊದಲ ಗೊರವಂಕ ಬಂದು ಇಳಿಯಿತು.

ಬಸವಕಿರಣ್ ಮರದಡಿ ನಿಂತಿದ್ದ ತನುಶ್ರೀಯ ಮುಖ ನೋಡಿದ. ಆ ಹುಡುಗಿಯ ಬೇವಿನ ಮರ ಇದೀಗ ಹರಿಹರದ ಭವನವಾಗಿತ್ತು. ಅದಕ್ಕೆ ಕಾರಣ ತಾನು. "ತಪ್ಪು ನಂದು ಮಾವ," ಎಂದ, ತನ್ನದೇ ದನಿಯಲ್ಲಿ. ಆ ದನಿಯನ್ನು ಮನೆಯವರು ಕೇಳಿ ಎಷ್ಟೋ ಕಾಲವಾಗಿತ್ತು. "ಮರಳು ಅಂತ ಮಂಡಕ್ಕಿ ತುಂಬಿದ್ದೆ. ಅಸಲಿ ಪ್ಲೇಟು ಆಟೋದಾಗೆ ಅದಾವು. ಬೀಗ್ರೆ, ಮಾವಂದೇನೂ ತಪ್ಪಿಲ್ರಿ."

ವಾಮದೇವಪ್ಪ ಸೀಟಿನಿಂದ ಇಳಿದರು. ಒಂದು ಚೀಲವನ್ನು ಕಿರುಬೆರಳಿನಿಂದ ಎತ್ತಿ ನೋಡಿದರು. ಸೋದರಳಿಯನ ಸೊಂಟ ನೋಡಿದರು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದರು.

"ಬೀಗ್ರೆ," ಎಂದರು, "ಬೇರೆ ಊರವ್ರು ಅಕ್ಷತೆ ಹಾಕಿ ಬೀಗರನ್ನ ಎದುರ್ಗೊಳ್ತಾರೆ. ನಾವು ದಾವಣಗೆರೆಯವ್ರು."

ಕೆಂಚವೀರಪ್ಪ ಮೀಸೆಯ ಮೇಲಿನ ಒಂದು ಕಾಳನ್ನು ನಾಲಿಗೆಯಿಂದಲೇ ಒಳಗೆಳೆದುಕೊಂಡರು. "ಉಹ್ಹುಂ... ಹ್ಹುಂ! ಇದು ಅಸಲಿ ಕೋಣ, ಕೇಳ್ಕೊಳ್ರಿ. ಆ ಕಬ್ಬಿಣ ಹೇರಿ ಒಂದು ಬಕೆಟ್ ಎತ್ರಿ. ಗಾಲಿ ನೆಲ ಬಿಡ್ಲಿಲ್ಲಾಂದ್ರ ಭವನ ಬ್ಯಾಡ."

"ಕೇಳಿದ್ಯೇನಲೇ?" ವಾಮದೇವಪ್ಪ ಮರದ ನೆರಳಿನಲ್ಲಿ ಬೀಗರಿಗೆ ಕುರ್ಚಿ ಹಾಕಿಸಿ, ತಾವೂ ಕೂತರು. "ಹೇರು. ಒಬ್ನೇ."

ಬಸವಕಿರಣ್ ಪ್ಲೇಟಿಗೆ ಕೈ ಹಾಕಿದ. ಮೊಣಕಾಲು ನಡುಗಿದವು, ಕತ್ತಿನ ನರ ಉಬ್ಬಿದವು, ಕಣ್ಣು ಹೊರಬಂದವು.

"ಅತ್ತೆ, ಒಂದು ಕೈ..."

"ಈ ಸಲ ನಾನು ನಂಬಂಗಿಲ್ಲಪ್ಪ," ಎಂದರು ಶಾಂತಕುಮಾರಿ, ಮರದಡಿ ಒಲೆ ಹೂಡಿ ಚೀಲದಲ್ಲಿ ಉಳಿದ ಮಂಡಕ್ಕಿಗೆ ಒಗ್ಗರಣೆ ಹಾಕುತ್ತ.

"ಚಂದ ಮಾಡ್ತಾನ ಬಿಡ್ರಿ," ಎಂದರು ಅನ್ನಪೂರ್ಣಮ್ಮ. "ಬೆವರು ಸೈತ ಬರಿಸ್ಯಾನ ನೋಡ್ರಿ!"

ಕೊನೆಯ ಪ್ಲೇಟು ಪೆಟ್ಟಿಗೆಗೆ ಬಿದ್ದ ಮೇಲೆ ವಾಮದೇವಪ್ಪ ಮತ್ತೆ ಸೀಟಿಗೇರಿದರು. ಬಕೆಟ್ ತುಂಬಿತು, ಎದ್ದಿತು. ಗಾಲಿಗಳು ನೆಲಕ್ಕೆ ಬೇರು ಬಿಟ್ಟಂತೆ ನಿಂತವು. ಸಂಜೆಯೊಳಗೆ ದಿಬ್ಬ ತಗ್ಗಿಗೆ ಸೇರಿತ್ತು.

ಭಾನುವಾರ ಬೇವಿನ ಮರದ ಕೆಳಗೆ ಪಂಕ್ತಿ ಕೂತಿತು. ಎಲೆಗೆ ಬಿದ್ದ ಸಾರು ಬಿದ್ದಲ್ಲೇ ಕೂತಿತು. ಅದನ್ನು ಬಡಿಸುತ್ತಿದ್ದವನು ಬಸವಕಿರಣ್, ಬೆನ್ನು ಬಿಲ್ಲಾಗಿ, ಒಂದು ಕೈ ಸೊಂಟದ ಮೇಲೆ. ಎರಡು ದಿನದಿಂದ ಅದು ನೆಟ್ಟಗಾಗಿರಲಿಲ್ಲ.

"ಯಾರನ್ನ ಅಣಕಿಸ್ತಿದಾನ್ರೀ? ನಮ್ಮ ಅಜ್ಜಯ್ಯ ಹಿಂಗೇ ನಡೀತಿದ್ರು!" ಎಂದು ಹರಿಹರದ ಕಡೆಯವರು ಯಾರೋ ಚಪ್ಪಾಳೆ ತಟ್ಟಿದರು. ಪಂಕ್ತಿಯೆಲ್ಲ ನಕ್ಕಿತು.

"ಅಣಕಲ್ಲ ಕಣ್ರೀ, ನಿಜವಾಗ್ಲೂ ಬೆನ್ನು ಹಿಡ್ದೈತೆ," ಎಂದು ಬಸವಕಿರಣ್ ಗೋಗರೆದ. ನಗು ಇನ್ನೂ ಹೆಚ್ಚಾಯಿತು.

"ಮಾವ, ನೀವಾದ್ರೂ ಹೇಳ್ರಿ!"

ವಾಮದೇವಪ್ಪ ಹೇಳಲು ಬಾಯಿ ತೆರೆದರು. ಬಂದದ್ದು ನಗು; ಹೊಟ್ಟೆ ಕುಣಿದು, ಕಣ್ಣಲ್ಲಿ ನೀರು ಬಂದು, ಪಕ್ಕದ ಬೀಗರ ಹೆಗಲು ಹಿಡಿದುಕೊಳ್ಳುವಷ್ಟು. ಕೆಂಚವೀರಪ್ಪನವರ ಕೆಮ್ಮು ಕೂಡ ಅದರಡಿ ಮುಳುಗಿಹೋಯಿತು. ಮರದ ಮೇಲಿನ ಗೊರವಂಕಗಳು ಒಮ್ಮೆಲೇ ಹಾರಿದವು.