ಹವಳದ ಮೇಲೆ ಬಾಗಿನ

ನಂಜನಗೂಡಿನ ಪುಟ್ಟಬಸಮ್ಮನ ಮನೆಯ ಪಡಸಾಲೆಯಲ್ಲಿ ಹೊಸ ಬಿದಿರಿನ ಮೊರಗಳು ಒಂದರ ಮೇಲೊಂದು ಕೂತಿದ್ದವು. ಗೌರಿಹಬ್ಬ ಇನ್ನೂ ದೂರವಿತ್ತು. ಗೆಳತಿ ಇಂದ್ರಾಣಿಗೆ ಅನುಮಾನ ಬಂತು.

"ಇದ್ಯಾಕಕ್ಕ ಇಷ್ಟೊಂದು ಮೊರ?"

"ಅಂಡಮಾನ್‌ಗೆ ಕಣಮ್ಮಿ. ಸಮುದ್ರದ ತಾಯಿ ತಾವ್ಕೆ ಬರಿಗೈಲಿ ಓಗಕಾಯ್ತದಾ? ಬಾಗಿನ ಬುಡಬೇಕು."

ಇಂದ್ರಾಣಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹವಳ ಜೀವವಿರುವ ಪ್ರಾಣಿ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು. ತೋರಿಸುತ್ತಿದ್ದುದು ಮಾತ್ರ ಗಾಜಿನ ಭರಣಿಯೊಳಗಿನ ಸತ್ತ ಬಿಳಿ ತುಂಡನ್ನು. ಬದುಕಿರುವ ಹವಳವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹಾಗೇ ಉಳಿದಿತ್ತು. ಒಂಟಿಯಾಗಿ ಹೋಗುವ ಶಕ್ತಿ ಅವಳ ಮಂಡಿಗಳಿಗಿರಲಿಲ್ಲ. ಅದನ್ನರಿತು, ಶ್ರೀಶೈಲಕ್ಕೆ ಹೊರಟಿದ್ದ 'ಅಕ್ಕನ ಬಳಗ' ಮಹಿಳಾ ಸಂಘದವರನ್ನೆಲ್ಲ ಅಂಡಮಾನಿನ ಸಂರಕ್ಷಿತ ದ್ವೀಪದ ಕಡೆಗೆ ಒಲಿಸಿದ್ದು ಈ ಪುಟ್ಟಬಸಮ್ಮನೇ. ಅಲ್ಲಿ ಗಾಜಿನ ತಳದ ದೋಣಿಯಲ್ಲಿ ಕೂತೇ ಹವಳ ನೋಡಬಹುದಿತ್ತು. ಆದರೆ ನೀರಿಗೆ ಏನನ್ನೂ ಹಾಕುವಂತಿರಲಿಲ್ಲ.

"ಅದು ಅಭಯಾರಣ್ಯ ಇದ್ದ ಹಾಗೆ ಅಕ್ಕ. ಬಂಡೀಪುರದಲ್ಲಿ ಹುಲಿ ಮೇಲೆ ಮೊರ ಎಸೀತೀರಾ?"

ಆಧಾರ್ ಜೆರಾಕ್ಸ್ ತೆಗೆದುಕೊಂಡು ಹೋಗಲು ಬಂದಿದ್ದ ತಿ. ನರಸೀಪುರದ ಟ್ರಾವೆಲ್ಸ್ ಮಹೇಂದ್ರ ನಕ್ಕ. "ಯಾಕ್ ಟೆನ್ಷನ್ ಮೇಡಂ? ಸಮುದ್ರ ಬಾಗಿನ ನಮ್ ಪ್ಯಾಕೇಜಲ್ಲೇ ಅದೆ. ಗಾರ್ಡ್‌ನ ನಾನ್ ಮ್ಯಾನೇಜ್ ಮಾಡ್ತೀನಿ. ನಮ್ಮೂರ ಸಂಗಮದಲ್ಲಿ ಬುಡಲ್ವಾ?"

"ಬಿಟ್ಟು ಬಿಟ್ಟೇ ನದಿ ಹೀಗಾಗಿರೋದು!" ಇಂದ್ರಾಣಿಯ ದನಿ ಏರಿತು. "ಅಕ್ಕ, ಕಪಿಲೆಯಲ್ಲಿ ನನ್ನ ಕಾಲಿಗೆ ಚುಚ್ಚಿದ್ದೇನು? ಬಾಗಿನದ ಬಳೆ ಚೂರು. ನೀವೇ ಸೆರಗು ಹರಿದು ಕಟ್ಟಿದಿರಿ. ನಾನಾದರೂ ಕಾಲು ಎತ್ತಿಕೊಂಡೆ. ಹವಳ ಎಲ್ಲಿಗೆ ಹೋಗುತ್ತೆ? ಕೂತ ಜಾಗ ಬಿಟ್ಟು ಕದಲೋಕಾಗದ ಪ್ರಾಣಿ ಅದು."

"ನಮ್ಮವ್ವ, ಅವರವ್ವ ಎಲ್ಲಾ ಬುಟ್ಕೊಂಡ್ ಬಂದದ್ದು. ನಾಕಕ್ಷರ ಓದಿವ್ನಿ ಅಂತ ನಮ್ಮುನ್ನ ಪಾಪಿಗಳು ಮಾಡ್ಬೇಡ!" ಬೈಯುತ್ತಲೇ ಪುಟ್ಟಬಸಮ್ಮ ಟೇಬಲ್ ಫ್ಯಾನಿನ ಮುಖವನ್ನು ಇಂದ್ರಾಣಿಯ ಕಡೆ ತಿರುಗಿಸಿದಳು.

ಆ ಗಾಳಿಗೂ ಇಂದ್ರಾಣಿಯ ಸಿಟ್ಟು ತಣ್ಣಗಾಗಲಿಲ್ಲ.

"ಹಾಗಾದರೆ ನಾನು ಬರೋದಿಲ್ಲ. ಹವಳ ನೋಡದೇ ಹೋದರೂ ಸರಿ, ಅದರ ಮೇಲೆ ನಮ್ಮವರೇ ಅರಿಶಿನ ಕುಂಕುಮ ಸುರಿಯೋದನ್ನ ನೋಡಲಾರೆ."

ಈ ವರ್ಷ ಬಿಟ್ಟರೆ ಮುಂದೆ ಮಂಡಿ ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮಹೇಂದ್ರ ಫೋನ್ ತೆಗೆದ. "ಒಂದ್ ಸೀಟ್ ತಾನೆ? ತಲಕಾಡಿನ ಪಾರ್ಟಿ ಮುಂದಿನ ಟ್ರಿಪ್‌ಗೆ ವೇಟಿಂಗಲ್ಲವ್ರೆ, ಅವ್ರಲ್ಲೊಬ್ಬರ್ನ ಕರ್ಕತೀನಿ. ಈಗ್ಲೇ ಫಿಲ್ ಮಾಡ್ತೀನಿ."

"ಮಡಗ್ಲಾ ಫೋನ್ನ!" ಪುಟ್ಟಬಸಮ್ಮ ಗುಡುಗಿದಳು. "ಯಾರ್ ಸೀಟ್‌ಗೆ ಯಾರ್ನ ಕೂರಿಸ್ತೀಯಾ? ನಾವ್ ಹೊಂಟಿರೋದೇ ಅವ್ಳ ಸಲುವಾಗಿ. ಗಾರ್ಡ್‌ನ ಮ್ಯಾನೇಜ್ ಮಾಡ್ತಾನಂತೆ! ಅಂದ್ರೆ ಇದು ಕಳ್ಳಬಾಗಿನ ತಾನೆ? ಕದ್ದುಮುಚ್ಚಿ ತಾಯ್ಗೆ ಬಾಗಿನ ಕೊಟ್ಟವ್ರ್ನ ಎಲ್ಲಾದ್ರೂ ಕಂಡಿದ್ದೀಯಾ?"

"ಅಲ್ಲ ಅವ್ವಾರೆ, ನೀವೇ ತಾನೆ ಕೇಳಿದ್ದು..."

"ಕೇಳ್ದೆ. ಕಾನೂನು ಮುರೀಬೇಕು ಅಂತ ನೀ ಬಾಯ್ ಬುಟ್ಯಾ?" ಅವಳು ಇಂದ್ರಾಣಿಯ ಕಡೆ ತಿರುಗಿದಳು. "ನಿಂಗೂ ಅಷ್ಟೆ. ಅದು ಪ್ರಾಣಿ ಅಂತ ಮೊದ್ಲೇ ಹೇಳಕೇನಾಗಿತ್ತು? ಕಲ್ಲು ಅಂದ್ಕಂಡು ನಾನು ಕತ್ತಿಗೆ ಹಾಕ್ಕಂಡಿವ್ನಿ!" ಅವಳ ಕೈ ಕೊರಳಿನ ಹವಳದ ಸರದ ಮೇಲೆ ಹೋಗಿ ಅಲ್ಲೇ ನಿಂತಿತು. ಮೊರಗಳ ಕಡೆ ನೋಡಿ, "ಮೊರ ಗೌರಿಹಬ್ಬಕ್ಕಾಯ್ತವೆ ಬುಡು" ಎಂದಳು.

ಇಂದ್ರಾಣಿ ಆಧಾರ್ ಪ್ರತಿಯನ್ನು ಚಾಚಿದಳು, ಆದರೆ ಹಿಡಿತ ಬಿಡಲಿಲ್ಲ. ಮಹೇಂದ್ರ ಪ್ಯಾಕೇಜಿನ ಹಾಳೆಯಲ್ಲಿ 'ಸಮುದ್ರ ಬಾಗಿನ' ಎಂಬುದರ ಮೇಲೆ ಗೀಟು ಎಳೆಯುವವರೆಗೂ ಹಾಗೇ ನಿಂತಳು.

"ತಲಕಾಡಿನವರ ಹಾಳೆಯಲ್ಲೂ ಗೀಟು ಹೊಡೀರಿ," ಎಂದಳು.

"ಮೇಡಂ, ಅವರ್ಗೂ ನಿಮಗೂ ಏನ್ ಸಂಬಂಧ?"

"ಸುಮ್ನೆ ಗೀಟು ಹೊಡಿ ಕಣ್ಲಾ," ಎಂದಳು ಪುಟ್ಟಬಸಮ್ಮ.