ಲೋಹಗಾಂವದ ಖೋಲಿ

ಪುಣೆಯಲ್ಲಿ ಮಲಗುವುದಕ್ಕೆ ಬೇರೊಂದು ಜಾಗ ಬೇಕೆಂದು ಶೈಲಶ್ರೀ ಹುಡುಕತೊಡಗಿದ್ದು ಮನೆಯವರಿಗೆ ಹೇಳದೆ. ಹೇಳಿದ್ದರೆ ಅದೇ ಊರಿನ ಕೊಂಢವಾದಲ್ಲಿದ್ದ ಚಿಕ್ಕಪ್ಪ ಚಿಕ್ಕಮ್ಮ, ಅವಳ ಕಾಕಾ ಕಾಕು, ಎಷ್ಟು ನೊಂದುಕೊಳ್ಳುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ವಿಮಾನದ ಸಹಪೈಲಟ್. ಗಂಡ ಲೋಕನಾಥ ಬೆಳಗಾವಿಯ ಕಾಲೇಜೊಂದರಲ್ಲಿ ಮೇಷ್ಟರು, ಮಗಳು ಈ ವರ್ಷವಷ್ಟೇ ಬಾಲವಾಡಿಗೆ ಸೇರಿದ್ದಳು. ಕಂಪನಿ ಅವಳನ್ನು ಪುಣೆಗೆ ವರ್ಗ ಮಾಡಿದಾಗ ಗಂಡ ಹೆಂಡತಿ ಕೂತು ಮಾತಾಡಿ, ಸಂಸಾರ ಕೀಳುವುದು ಬೇಡ ಎಂದುಕೊಂಡರು. ಕೆಲಸದ ಹಿಂದಿನ ದಿನ ಬಸ್ಸಿನಲ್ಲಿ ಪುಣೆಗೆ ಬರುವುದು, ಮುಗಿದ ಮೇಲೆ ಮತ್ತೆ ಬಸ್ಸು ಹತ್ತುವುದು. ಹಾರಾಟದ ನಡುವೆ ಪರ ಊರಿನಲ್ಲಿ ತಂಗಿದರೆ ಕಂಪನಿಯೇ ಹೋಟೆಲು ಕೊಡುತ್ತದೆ. ಪುಣೆ ಮಾತ್ರ ಅವಳ ಊರೇ ಎಂದು ಕಂಪನಿಯ ಲೆಕ್ಕ. ಅಲ್ಲಿ ಹಾಸಿಗೆ ಅವಳೇ ನೋಡಿಕೊಳ್ಳಬೇಕು.

"ನಮ್ಮ ಮನಿ ಇರೂವಾಗ ಅದೇನ್ ಕೇಳೂ ಮಾತ?" ಎಂದಿದ್ದರು ಅವಳಪ್ಪನ ತಮ್ಮ ಮಲಕಪ್ಪ. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡಿ ಬಾಳಿದವರು. ಈಗ ಅಂಗಡಿ ಮಗ ಮಾಂತುವಿನ ಕೈಗೆ ಬಂದಿತ್ತು. ಮಾತಾಡಿದ್ದು ಕಾಕಾ, ಆದರೆ ಮನೆ ನಡೆಯುತ್ತಿದ್ದದ್ದು ಪಾರವ್ವ ಕಾಕುವಿನಿಂದ.

ಕಾಕುವಿನ ಪ್ರೀತಿಗೆ ಮಿತಿಯಿರಲಿಲ್ಲ. ಬೆಳಕು ಹರಿಯುವ ಮೊದಲೇ ಹಾರಬೇಕಾದ ಪೈಲಟ್ ಹೊತ್ತು ಮುಳುಗುವುದರೊಳಗೆ ಮಲಗಬೇಕು. ಆ ಮನೆಗೆ ಜೀವ ಬರುತ್ತಿದ್ದದ್ದೇ ಆ ಹೊತ್ತಿಗೆ. ರೊಟ್ಟಿ ಬಡಿಯುವ ಸದ್ದು, ಮೊಮ್ಮಕ್ಕಳ ಜಗಳ, ಯಾರ್ಡಿನಿಂದ ಬಂದವರ ಚಹಾ. ಶೈಲಶ್ರೀ ಕಣ್ಣು ಮುಚ್ಚಿದಳೆನ್ನುವಾಗ ಬಾಗಿಲು ಮೆಲ್ಲಗೆ ತೆರೆಯುತ್ತಿತ್ತು.

"ಶೈಲಾ, ಮಲಗಿದೇನವ್ವಾ? ಬಾಜೂ ಮನಿಯವರು ಬಂದಾರ. ನಮ್ಮ ಹುಡುಗಿ ಇಮಾನ ಹೊಡೀತಾಳ ಅಂದ್ರ ನಂಬವಲ್ರು. ಒಂದ ಸಲ ಮುಖಾ ತೋರಸಿ ಹೋಗವಾ."

ಅವಳು ಎದ್ದು ಹೋಗಿ ಮುಖ ತೋರಿಸುತ್ತಿದ್ದಳು. ಬಂದವರ ಪ್ರಶ್ನೆಗಳಿಗೆ ನಗುತ್ತಾ ಉತ್ತರ ಕೊಟ್ಟು ಮರಳಿ ಬಂದು ಮಲಗಿದರೆ ನಿದ್ದೆ ಅತ್ತ ಕಡೆಗೇ ಹೋಗಿರುತ್ತಿತ್ತು. ಮಗ್ಗುಲು ಬದಲಿಸುತ್ತಾ, ಇನ್ನೆಷ್ಟು ಹೊತ್ತು ಉಳಿದಿದೆ ಎಂದು ಫೋನು ನೋಡುತ್ತಾ, ನೋಡಬಾರದೆಂದು ಬೋರಲು ಹಾಕುತ್ತಾ, ಮತ್ತೆ ನೋಡುತ್ತಾ ಹೊರಳಾಡುವಳು. ಬಾಗಿಲಿಗೆ ಚಿಲಕ ಹಾಕಿದರೆ ಕಾಕು ಗಾಬರಿಯಾಗುತ್ತಿದ್ದಳು. ಆ ಮನೆಯಲ್ಲಿ ಯಾರೂ ಯಾವತ್ತೂ ಒಳಗಿನಿಂದ ಚಿಲಕ ಹಾಕಿಕೊಂಡವರಲ್ಲ.

ಒಂದು ಬೆಳಿಗ್ಗೆ ಪುಣೆಗೆ ಮರಳುವ ಹಾರಾಟದಲ್ಲಿ ಅದು ಆಯಿತು. ವಿಮಾನವನ್ನು ಕ್ಯಾಪ್ಟನ್ ಮೋಹನದಾಸ್ ನಡೆಸುತ್ತಿದ್ದರು. ನೆಲದವರೊಡನೆ ರೇಡಿಯೋ ಮಾತು ಶೈಲಶ್ರೀಯದು. ಎಂಟು ಸಾವಿರ ಅಡಿಗೆ ಇಳಿಯಿರಿ ಎಂದು ನೆಲದಿಂದ ಅಪ್ಪಣೆ ಬಂತು. ನಿಯಮದಂತೆ ಅದನ್ನು ಮರುನುಡಿಯುವಾಗ ಅವಳು ಸ್ಪಷ್ಟವಾದ, ಆತ್ಮವಿಶ್ವಾಸ ತುಂಬಿದ ದನಿಯಲ್ಲಿ "ಆರು ಸಾವಿರ" ಎಂದಳು. ಕೆಳಗೆ ಗುಡ್ಡಗಳಿದ್ದವು. ನೆಲದವರು ತಿದ್ದುವ ಮೊದಲೇ ಮೋಹನದಾಸ್ "ಎಂಟು" ಎಂದು ಗಟ್ಟಿಯಾಗಿ ಹೇಳಿದ್ದರು. ಅಷ್ಟೇ. ವಿಮಾನ ಎಂದಿನಂತೆ ಇಳಿಯಿತು. ಪ್ರಯಾಣಿಕರು ತಮ್ಮ ಚೀಲಗಳನ್ನು ಇಳಿಸಿಕೊಂಡು ಹೊರಟುಹೋದರು.

ಎಲ್ಲರೂ ಇಳಿದ ಮೇಲೂ ಮೋಹನದಾಸ್ ಸೀಟಿನಿಂದ ಏಳಲಿಲ್ಲ. ಮಂಗಳೂರು ಕಡೆಯವರು, ಮೆಲುಮಾತಿನ ಮನುಷ್ಯ. ಬೈಯುತ್ತಾರೆಂದು ಶೈಲಶ್ರೀ ಕಾದಳು.

"ನೀವು ಎಲ್ಲಿ ಮಲಗ್ತೀರಿ?" ಎಂದು ಕೇಳಿದರು.

"ಕಾಕಾನ ಮನೇಲಿ, ಸರ್. ಕೊಂಢವಾದಲ್ಲಿ."

"ಅಲ್ಲಿ ಇರ್ತೀರಿ, ಅದು ಸರಿ. ಮಲಗೋದು ಎಲ್ಲಿ?"

ಅವಳು ಹೆಡ್‌ಸೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಇವತ್ತಿನದನ್ನ ಕಂಪನಿಗೆ ಬರೆದು ಕೊಡೋಣ, ಇಬ್ಬರೂ ಸಹಿ ಹಾಕೋಣ. ಆಮೇಲೆ ನೀವು ಮೊದಲು ಒಂದು ಹಾಸಿಗೆ ಹುಡುಕಿ," ಎಂದು ಟೋಪಿ ಎತ್ತಿಕೊಂಡರು ಅವರು.

ಆ 'ಆರು' ಅವಳ ಬೆನ್ನು ಬಿಡಲಿಲ್ಲ. ಬಸ್ಸಿನಲ್ಲಿ, ಮಗಳಿಗೆ ಅನ್ನ ಕಲಸುವಾಗ, ಜಳಕ ಮಾಡುವಾಗ ತನ್ನದೇ ದನಿ ಕಿವಿಯಲ್ಲಿ ಕೇಳುತ್ತಿತ್ತು. ತಪ್ಪಿದ್ದಕ್ಕಿಂತ, ತಪ್ಪುವಾಗ ತನಗೇ ಗೊತ್ತಾಗದಿದ್ದದ್ದು ಅವಳನ್ನು ಹೆದರಿಸಿತ್ತು.

ಮುಂದಿನ ಸಲ ಬಂದಾಗ ಜೊತೆಯ ಪೈಲಟ್ ಶೀತಲ್ ತನ್ನ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಂಡು ವಿಮಾನ ನಿಲ್ದಾಣದ ಸುತ್ತ ತಿರುಗಿಸಿದಳು. ಮೊದಲು ವಿಮಾನನಗರದ ಒಂದು ಫ್ಲ್ಯಾಟು. ನಡುಮನೆಯ ತುಂಬ ಮೇಲೊಂದು ಕೆಳಗೊಂದು ಮಂಚ, ಪ್ರತಿ ಮಂಚಕ್ಕೂ ಪರದೆ, ಪರದೆಯ ಹಿಂದೆ ಒಬ್ಬೊಬ್ಬ ಪೈಲಟ್ಟು. ಅವರು ಒಳಗೆ ಕಾಲಿಟ್ಟಾಗ ಒಂದು ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಅದರ ಯಜಮಾನ ಸ್ನಾನಕ್ಕೆ ಹೋಗಿದ್ದ. ಆಮೇಲೆ ಒಂದು ಲಾಡ್ಜು. ಕೌಂಟರಿನವನು ಶೈಲಶ್ರೀಯನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಏಕಟ್ಯಾಚ್ ಕಾ?", ಒಬ್ಬರೇ ಏನು, ಎಂದು ಎರಡೆರಡು ಸಲ ಕೇಳಿದ. ಅವರು ಕೋಣೆ ನೋಡಲಿಲ್ಲ.

ಕೊನೆಗೆ ಲೋಹಗಾಂವದ ಓಣಿಯೊಂದರಲ್ಲಿ ಶಿಂದೆ ಎಂಬ ಮುದುಕಿಯ ಮನೆ. ಹಿತ್ತಲಿಗೆ ಬಾಗಿಲಿದ್ದ ಒಂದೇ ಖೋಲಿ, ಕಬ್ಬಿಣದ ಮಂಚ, ದಪ್ಪ ಪರದೆಯ ಕಿಟಕಿ. ಮುದುಕಿ ಬಾಡಿಗೆ ಹೇಳುತ್ತಿರುವಾಗಲೇ ವಾಯುಸೇನೆಯ ಯುದ್ಧವಿಮಾನವೊಂದು ಆಕಾಶ ಹರಿಯುವಂತೆ ಅಬ್ಬರಿಸುತ್ತಾ ಮೇಲೆದ್ದಿತು. ಗೋಡೆಯ ಮೇಲಿನ ಕನ್ನಡಿ ನಡುಗಿತು.

"ಇಲ್ಲಿ ಹೇಗೆ ಮಲಗ್ತೀಯೇ ಮಾರಾಯ್ತಿ?" ಎಂದು ಶೀತಲ್ ಮರಾಠಿಯಲ್ಲಿ ಕೂಗಿದಳು.

ಶೈಲಶ್ರೀ ಬಾಡಿಗೆ ಕೊಟ್ಟು ಆ ಮಧ್ಯಾಹ್ನವೇ ಅಲ್ಲಿ ಮಲಗಿದಳು. ವಿಮಾನಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಅವುಗಳಲ್ಲಿ ಒಂದೂ ಅವಳ ಹೆಸರು ಹಿಡಿದು ಕರೆಯಲಿಲ್ಲ. ಎಚ್ಚರವಾದಾಗ ದಿಂಬಿನ ಹೊಲಿಗೆ ಕೆನ್ನೆಯ ಮೇಲೆ ಮೂಡಿತ್ತು.

ನಿದ್ದೆ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಕಾಕುವಿಗೆ ಏನು ಹೇಳುವುದು? ಈ ಸಲ ಪುಣೆಯಲ್ಲಿ ತಂಗುವುದಿಲ್ಲ, ನೇರ ಹಾರಾಟಕ್ಕೆ ಹೋಗುತ್ತೇನೆ ಎಂದು ಫೋನಿನಲ್ಲಿ ಹೇಳಿದಳು. ಮುಂದಿನ ಸಲವೂ ಅದನ್ನೇ ಹೇಳಿದಳು. ಓಣಿಯ ಅಂಗಡಿಗೆ ಹಾಲು ತರಲು ಹೋಗುವಾಗಲೂ ಯಾರಾದರೂ ನೋಡಿಯಾರೆಂದು, ಮುಖ ಮರೆಸಲು ಸೆರಗಿಲ್ಲದ ಡ್ರೆಸ್ಸಿನಲ್ಲಿ ಸೆರಗು ಹುಡುಕುವಂತಾಗುತ್ತಿತ್ತು.

ನೋಡಿದವನು ಮಾಂತು. ಬೆಲ್ಲದ ವಸೂಲಿಗೆ ಆ ಕಡೆ ಬಂದವನು ಅಕ್ಕ ಕೈಯಲ್ಲಿ ಹಾಲಿನ ಪಾಕೀಟು ಹಿಡಿದು ಓಣಿ ಹೊಕ್ಕು ಮುದುಕಿಯ ಹಿತ್ತಲ ಖೋಲಿಯ ಬೀಗ ತೆಗೆದದ್ದನ್ನು ಕಂಡು ಮನೆಯಲ್ಲಿ ಹೇಳಿಬಿಟ್ಟ. ಕಾಕುವಿನ ಫೋನು ಬಂತು. ಬೈಗುಳ ಇರಲಿಲ್ಲ. "ನಾಳೆ ಬಂದ ಹೋಗ," ಎಂದಷ್ಟೇ ಹೇಳಿ ಇಟ್ಟಳು.

ಕೊಂಢವಾದ ಮನೆಯಲ್ಲಿ ಕಾಕಾ ಪೇಪರಿನಿಂದ ಮುಖ ಎತ್ತಲಿಲ್ಲ. ಕಾಕು ಅಡುಗೆಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂತಿದ್ದಳು.

"ನಮ್ಮ ಮನಿ ಬ್ಯಾಸರಾತೇನ ನಿನಗ? ಏನ್ ಕಮ್ಮಿ ಮಾಡೇನ್ ನಾ?"

"ಕಮ್ಮಿ ಏನೂ ಮಾಡಿಲ್ಲ ಕಾಕು."

"ಮತ್ತ? ಯಾರದೋ ಹಿತ್ತಲಾಗ ಹೋಗಿ ಮಲಗೂವಂಥಾದ್ದು ಏನಾತ?"

ಶೈಲಶ್ರೀ ನೆಲದ ಮೇಲೆ ಕೂತಳು. ಸುಳ್ಳು ಹೇಳಿದ್ದನ್ನು ಮೊದಲು ಒಪ್ಪಿಕೊಂಡಳು. ಆಮೇಲೆ ಎಂಟು ಸಾವಿರದ ಬದಲು ಆರು ಸಾವಿರ ಎಂದದ್ದನ್ನು, ಕೆಳಗಿನ ಗುಡ್ಡಗಳನ್ನು, ಕ್ಯಾಪ್ಟನ್ ಕೇಳಿದ ಮಾತನ್ನು ಹೇಳಿದಳು. ಗಂಡನಿಗೂ ಹೇಳಿರದ ಸಂಗತಿ ಅದು. "ಮುಂದಿನ ಸಲ ಬಾಜೂದಾಗ ಯಾರೂ ತಿದ್ದಲಿಲ್ಲಂದ್ರ?"

ಕಾಕು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟಳು. "ಆ ಇಮಾನದಾಗ ಎಷ್ಟ ಮಂದಿ ಇದ್ರು?"

"ತುಂಬಿತ್ತು ಕಾಕು."

"ನನಗ ಮದಲ ಹೇಳಬಾರದಿತ್ತೇನ? ನಿದ್ದಿ ಬರವಲ್ದು ಅಂದಿದ್ರ ನಾ ಏನ್ ನಿನ್ನ ಹೊಡೀತಿದ್ನೇನ?" ಆಮೇಲೆ ಮೂಗೊರೆಸಿಕೊಂಡು ಎಂದಳು: "ಆ ಖೋಲಿ ಹ್ಯಾಂಗ ಅದ ನಾ ನೋಡಬೇಕ. ಚಲೋ ಇಲ್ಲಂದ್ರ ಬಿಡಸ್ತೀನಿ, ನೋಡ."

ಶೈಲಶ್ರೀಗೆ ಬಿಡುವಿದ್ದ ಒಂದು ಮಧ್ಯಾಹ್ನ ಕಾಕು ರಿಕ್ಷಾದಲ್ಲಿ ಬಂದಿಳಿದಳು, ಕೈಯಲ್ಲಿ ರೊಟ್ಟಿಗೆಂದು ಕುಟ್ಟಿದ ಶೇಂಗಾ ಹಿಂಡಿಯ ಡಬ್ಬಿ. ಶಿಂದೆ ಮುದುಕಿಯೊಡನೆ ಮರಾಠಿಯಲ್ಲಿ ನೀರಿನ ಬಗ್ಗೆ, ಓಣಿಯ ಮಂದಿಯ ಬಗ್ಗೆ ಕಟುವಾಗಿ ವಿಚಾರಿಸಿದಳು. ಕಿಟಕಿಯ ಸರಳು ಜಗ್ಗಿ ನೋಡಿದಳು. ಹೊದಿಕೆ ಮೂಸಿದಳು. ಕೊನೆಗೆ ಮಂಚ ಗಟ್ಟಿಯಿದೆಯೇ ನೋಡಲೆಂದು ಅದರ ಮೇಲೆ ಕಾಲು ನೀಡಿ ಒರಗಿದಳು.

ಶೈಲಶ್ರೀ ಹೊರಗಿನ ಒಲೆಯಲ್ಲಿ ಚಹಾ ಕಾಸಿ ತರುವಷ್ಟರಲ್ಲಿ ಕಾಕು ಮಲಗಿಬಿಟ್ಟಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಬಳೆಯ ಕೈ ಮಂಚದಿಂದ ಜೋತಾಡುತ್ತಿತ್ತು. ಮೇಲೆ ಜೋಡಿ ಯುದ್ಧವಿಮಾನಗಳು ಹಾದುಹೋದವು. ಆಕೆ ಅಲುಗಲಿಲ್ಲ.

ಕಾಕುವಿನ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಶೈಲಶ್ರೀ ಅದನ್ನು ಹಿತ್ತಲಿಗೆ ಒಯ್ದು ಎತ್ತಿಕೊಂಡಳು.

"ಎಲ್ಲಿ ಅದಾಳ ಆಕಿ?" ಕಾಕಾನ ದನಿ. "ಮಂದಿ ಬಂದಾರ, ಚಹಾ ಆಗಬೇಕ."

"ಕಾಕು ಮಲಗ್ಯಾಳ್ರಿ ಕಾಕಾ."

"ಹಗಲ ಹೊತ್ತಿನ್ಯಾಗ? ಆರಾಮ ಇಲ್ಲೇನ ಆಕಿಗೆ?"

"ಆರಾಮ ಅದಾಳ್ರಿ. ನಾ ಎಬ್ಬಸೂದಿಲ್ಲ. ನೀವ ಕಾಸ್ಕೋರಿ."

ಕಾಕಾನಿಗೆ ಅವಳು ಹಾಗೆ ಎದುರಾಡಿದ್ದು ಅದೇ ಮೊದಲು. "ಸಕ್ಕರಿ ಎಲ್ಲಿ ಇಟ್ಟಿರ್ತಾಳೋ ಏನೋ," ಎಂದು ಗೊಣಗುತ್ತಾ ಕಾಕಾ ಫೋನಿಟ್ಟರು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಪಾರವ್ವ ಕಾಕು ದಿಗ್ಗನೆ ಎದ್ದಳು. ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿ, ಕೂದಲು ಸರಿಪಡಿಸಿಕೊಂಡಳು. "ಅಯ್ಯ, ಎಬ್ಬಸಬಾರದೇನ ಹುಡುಗಿ!" ಎಂದು ಗದರಿದಳು. ಮದುವೆಯಾಗಿ ಪುಣೆಗೆ ಬಂದ ಮೇಲೆ, ಬಾಣಂತನ ಬಿಟ್ಟರೆ, ಹಗಲು ಮಲಗಿದ್ದು ಇದೇ ಮೊದಲು ಎಂದಳು. ಆರಿದ ಚಹಾವನ್ನು ಹಾಗೆಯೇ ಕುಡಿದು, ಹೊದಿಕೆ ಮಡಚಿಟ್ಟು, ಮತ್ತೆ ಬಿಚ್ಚಿ ಮಡಚಿದಳು.

"ನೀ ಬೆಳಗಾವಿಗೆ ಹೋದಾಗ ಈ ಖೋಲಿ ಖಾಲಿ ಇರ್ತದೇನ?" ಎಂದು ಗೋಡೆಯ ಕಡೆ ನೋಡುತ್ತಾ ಕೇಳಿದಳು.

ಶೈಲಶ್ರೀ ಪರ್ಸಿನಿಂದ ಕೀಲಿಗೊಂಚಲು ತೆಗೆದು, ಖೋಲಿಯ ಎರಡು ಕೀಲಿಗಳಲ್ಲಿ ಒಂದನ್ನು ಬಿಡಿಸತೊಡಗಿದಳು. ಗೊಂಚಲಿನ ಉಂಗುರ ಗಟ್ಟಿಯಾಗಿತ್ತು, ಉಗುರು ಜಾರಿತು.

"ತಾ ಇಲ್ಲಿ," ಎಂದು ಕಾಕು ಗೊಂಚಲನ್ನು ಕಸಿದುಕೊಂಡು, ಹಲ್ಲಿನಿಂದ ಉಂಗುರ ಅಗಲಿಸಿ, ಆ ಕೀಲಿಯನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.